ನನ್ನೆದುರು ಮಾತ್ರ ಸ್ಟಾರ್ಟ್ ಆಗುತ್ತಿದ್ದ ಕಾರು

ನನ್ನ ಗ್ಯಾರೇಜಿಗೆ ಮೂವತ್ತೊಂದನೇ ವರ್ಷ ನಡೆಯುತ್ತಿದ್ದಾಗಿನ ಮಾತು ಇದು. ಭಟ್ಕಳದ ಕಡೆಯಿಂದ ಶರಾವತಿ ಸೇತುವೆ ದಾಟಿ ಹೊನ್ನಾವರಕ್ಕೆ ಬಂದರೆ ಹೆದ್ದಾರಿಯ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು ಸಿಗುತ್ತದೆ. ನನ್ನ ದುಡಿಮೆಯ ವರ್ಷಗಳೆಲ್ಲ ಅಲ್ಲೇ ಕಳೆದಿವೆ. ನಾನು ಆಟೋ ಇಲೆಕ್ಟ್ರಿಷಿಯನ್. ಗಾಡಿಯ ವಯರು, ಬ್ಯಾಟರಿ, ಡೈನಮೋ, ಸ್ಟಾರ್ಟರ್ ಮೋಟಾರು ಇವಿಷ್ಟು ನನ್ನ ಪಾಲಿಗೆ ಬರುವ ಭಾಗಗಳು. ಊರಿನವರು ಆಚಾರ್ರು ಎಂದು ಕರೆಯುತ್ತಾರೆ. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಚಹಾ ಕುಡಿಯುವಾಗಲೂ ಇನ್ನೊಂದು ಕೈ ಯಾವುದೋ ವಯರಿನ ಸಿಪ್ಪೆ ಸುಲಿಯುತ್ತಿರುತ್ತದೆ. ಒಂದು ಗಾಡಿಯ ದೋಷ ಸಿಗದೆ ಉಳಿದರೆ ಅವತ್ತು ಮನೆಯಲ್ಲಿ ನನ್ನ ಸಹವಾಸ ಯಾರಿಗೂ ಬೇಡವಾಗುತ್ತದೆ.

ಕರಾವಳಿಯಲ್ಲಿ ಗಾಡಿ ಇಟ್ಟುಕೊಂಡವರಿಗೆ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಉಪ್ಪಿನದು. ಗಾಳಿಯಲ್ಲಿ ಉಪ್ಪು, ಮುಂದೆ ಹೋಗುವ ಮೀನಿನ ಲಾರಿ ಚೆಲ್ಲುವ ನೀರಿನಲ್ಲಿ ಉಪ್ಪು. ನಾಲ್ಕು ಮಳೆಗಾಲ ಕಳೆಯುವಷ್ಟರಲ್ಲಿ ಗಾಡಿಯ ಹೊಟ್ಟೆ ಹಪ್ಪಳದಂತೆ ಉದುರತೊಡಗುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ನಮ್ಮ ಕಡೆ ಗಾಡಿಗಳ ಅಡಿಭಾಗಕ್ಕೆ ದಪ್ಪನೆಯ ಕಪ್ಪು ಬಣ್ಣ ಬಳಿಸುವ ರೂಢಿ ಇದೆ. ಡಾಂಬರಿನ ಹಾಗೆ ಅಂಟುವ ಆ ಬಣ್ಣಕ್ಕೆ ನಾವು ಕೋಟಿಂಗ್ ಎನ್ನುತ್ತೇವೆ. ಇಲೆಕ್ಟ್ರಿಷಿಯನ್ ಆದರೂ ಮೇ ತಿಂಗಳಲ್ಲಿ ನಾನೂ ಬ್ರಷ್ ಹಿಡಿಯುತ್ತೇನೆ. ಉಳಿದವರು ಪಂಪಿನಿಂದ ಸಿಂಪಡಿಸಿ ಕೈ ತೊಳೆದುಕೊಳ್ಳುತ್ತಾರೆ, ನಾನು ಹಾಗಲ್ಲ. ಬೋಲ್ಟು ಬಿಚ್ಚಿ, ತುಕ್ಕು ಕೆರೆದು, ಸಂದಿಗೊಂದಿಗೆಲ್ಲ ಬಳಿದು, ಒಣಗಿಸಿ, ಮತ್ತೆ ಬಿಗಿಯುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಕುಮಟಾದಿಂದ ಭಟ್ಕಳದವರೆಗೆ ಇಲ್ಲ ಎಂಬ ಗರ್ವ ಆಗ ನನಗಿತ್ತು.

ವನಜಾ ಡಾಕ್ಟರ ಕಾರಿಗೂ ಆ ಮೇ ತಿಂಗಳಲ್ಲಿ ನಾನೇ ಕೋಟಿಂಗ್ ಬಳಿದಿದ್ದೆ. ಆರು ವರ್ಷ ಹಳೆಯ ಬಿಳಿ ಡೀಸೆಲ್ ಕಾರು. ಡಾಕ್ಟರು ಹೆರಿಗೆ ತಜ್ಞೆ, ಮನೆ ಹೊನ್ನಾವರ. ಸೋಮವಾರ ಮತ್ತು ಗುರುವಾರ ಭಟ್ಕಳದ ಒಂದು ಆಸ್ಪತ್ರೆಗೂ ಮಂಗಳವಾರ ಮತ್ತು ಶುಕ್ರವಾರ ಕುಮಟಾದ ತಮ್ಮ ಕ್ಲಿನಿಕ್ಕಿಗೂ ಹೋಗುತ್ತಿದ್ದರು. ಕಾರು ಓಡಿಸುತ್ತಿದ್ದವನು ಗಣಪು ಗೌಡ. ಕುಮಟಾ ತಾಲೂಕಿನ ಕಾಗಾಲದವನು, ಐವತ್ತು ದಾಟಿದವನು. ದಿನಾ ಬೆಳಗಿನ ಮೊದಲ ಬಸ್ಸಿಗೆ ಹೊನ್ನಾವರಕ್ಕೆ ಬಂದು, ಕಾರು ಒರೆಸಿ, ಡಾಕ್ಟರು ಮೆಟ್ಟಿಲು ಇಳಿಯುವಷ್ಟರಲ್ಲಿ ಹಿಂದಿನ ಬಾಗಿಲು ತೆರೆದು ನಿಂತಿರುತ್ತಿದ್ದ. ಹನ್ನೊಂದು ವರ್ಷ ಹೀಗೆಯೇ ನಡೆದಿತ್ತು. ಮಾತು ಕಡಿಮೆ. ಗಾಡಿ ನನ್ನ ಹತ್ತಿರ ತಂದರೆ ಏನಾಗಿದೆ ಎಂದು ಒಂದು ಸಾಲಿನಲ್ಲಿ ಹೇಳಿ, ಹೊರಗಿನ ಕಲ್ಲಿನ ಮೇಲೆ ಕೂತು ಎಲೆ ಅಡಿಕೆಯ ಕವಳ ಹಾಕುತ್ತಿದ್ದ. ನಾನೂ ಅವನನ್ನು ಹೆಚ್ಚು ಮಾತಾಡಿಸಿದವನಲ್ಲ. ಗಾಡಿಯೇ ಎದುರಿಗಿರುವಾಗ ಮನುಷ್ಯನನ್ನು ಕೇಳುವುದು ಏತಕ್ಕೆ ಎಂಬುದು ನನ್ನ ಆಗಿನ ತಿಳಿವಳಿಕೆ.

ಮಳೆ ಇಳಿಮುಖವಾಗಿದ್ದ ಸೆಪ್ಟೆಂಬರ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ ಗಣಪು ಕುಮಟಾದಿಂದ ಫೋನು ಮಾಡಿದ.

“ಚಾವಿ ತಿರುಗಿಸಿದ್ರೆ ಟಕ್ ಅಂತದೆ ಆಚಾರ್ರೇ, ಅಷ್ಟೇಯ. ಲೈಟೆಲ್ಲ ಚಲೋ ಹತ್ತುತದೆ. ಎಂಜಿನ್ ಮಾತ್ರ ತಿರುಗುದಿಲ್ಲ.”

ಅವನ ಬೆಳಗಿನ ಕ್ರಮ ಹೀಗಿತ್ತು. ಡಾಕ್ಟರನ್ನು ಕ್ಲಿನಿಕ್ಕಿನ ಬಾಗಿಲಿನಲ್ಲಿ ಇಳಿಸಿ, ಅವರು ಮನೆಯಲ್ಲಿ ನೋಡಿದ ರೋಗಿಗಳ ರಕ್ತದ ಸ್ಯಾಂಪಲ್ಲುಗಳ ಡಬ್ಬಿಯನ್ನು ಪೇಟೆಯ ಒಂದು ಲ್ಯಾಬಿಗೆ ಮುಟ್ಟಿಸುತ್ತಿದ್ದ. ಮತ್ತೆ ಕ್ಲಿನಿಕ್ಕಿಗೆ ಬಂದು, ಹತ್ತೂಕಾಲಕ್ಕೆ ಡಾಕ್ಟರನ್ನು ಊರಾಚೆಯ ನರ್ಸಿಂಗ್ ಹೋಮಿಗೆ ಕರೆದೊಯ್ಯಬೇಕು. ಹೆರಿಗೆಗಳು ನಡೆಯುತ್ತಿದ್ದದ್ದು ಅಲ್ಲಿ. ಕಾರು ಕೈಕೊಟ್ಟದ್ದು ಲ್ಯಾಬಿನ ಎದುರಿನ ಓಣಿಯಲ್ಲಿ. ನಾನು ಸ್ಕೂಟರ್ ಹತ್ತಿ ಇಪ್ಪತ್ತು ಕಿಲೋಮೀಟರ್ ಓಡಿದೆ. ಮುಕ್ಕಾಲು ತಾಸು ಹಿಡಿಯಿತು. ಹೋಗಿ ಚಾವಿ ತಿರುಗಿಸಿದರೆ ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು.

ನಾನು ಗಣಪುವಿನ ಮುಖ ನೋಡಿದೆ, ಅವನು ಕಾರಿನ ಮುಖ ನೋಡಿದ. ಬ್ಯಾಟರಿಯ ತುದಿಗಳಲ್ಲಿ ಸ್ವಲ್ಪ ಹಸಿರು ಬೂಷ್ಟು ಇತ್ತು. ಅದನ್ನು ಬಿಸಿನೀರಲ್ಲಿ ತೊಳೆದು, ಗ್ರೀಸ್ ಸವರಿ, ಇದೇ ಕಾರಣ ಎಂದು ಹೇಳಿ ಬಂದೆ.

ಶುಕ್ರವಾರ ಮತ್ತೆ ಫೋನು ಬಂತು. ಅದೇ ಓಣಿ, ಅದೇ ಟಕ್. ನಾನು ಹೋದೆ, ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಬ್ಯಾಟರಿಗೆ ಮೂರು ವರ್ಷ ತುಂಬಿದ್ದರಿಂದ ಅದನ್ನೇ ಬದಲಿಸಿದೆ. ಮುಂದಿನ ಮಂಗಳವಾರ ಮತ್ತೆ ಅದೇ ಕಥೆ. ಈ ಸಲ ಕಾರನ್ನು ಶೆಡ್ಡಿಗೆ ತಂದು ಸ್ಟಾರ್ಟರ್ ಮೋಟಾರನ್ನೇ ಇಳಿಸಿದೆ. ಟಕ್ ಎಂಬ ಸದ್ದು ಬರುತ್ತದೆ ಎಂದರೆ ಮೋಟಾರಿನ ಮೇಲಿರುವ ಸ್ವಿಚ್ಚು ಎಳೆಯುತ್ತಿದೆ, ಮೋಟಾರು ಮಾತ್ರ ತಿರುಗುತ್ತಿಲ್ಲ ಎಂದು ಅರ್ಥ. ಹಾಗಾಗಿ ಸ್ವಿಚ್ಚು ಹೊಸದು ಹಾಕಿದೆ, ಒಳಗಿನ ಕಾರ್ಬನ್ ಬ್ರಷ್ಷು ಹೊಸದು ಹಾಕಿದೆ. ಮೇಜಿನ ಮೇಲೆ ಕಟ್ಟಿ ತಿರುಗಿಸಿದರೆ ಬಾವಿಯ ಪಂಪಿನ ಹಾಗೆ ಕೂಗಿತು. ಸ್ಕ್ಯಾನರ್ ಹಚ್ಚಿದೆ, ಕಾರಿನ ಕಂಪ್ಯೂಟರಿನ ನೆನಪಿನಲ್ಲಿ ಒಂದು ದೋಷವೂ ದಾಖಲಾಗಿರಲಿಲ್ಲ. ಗುರುವಾರ ಭಟ್ಕಳಕ್ಕೆ ಹೋಗಿ ಬಂದ ಕಾರು ಹೂವಿನ ಹಾಗೆ ನಡೆಯಿತು. ಶುಕ್ರವಾರ ಕುಮಟಾದ ಓಣಿಯಲ್ಲಿ ಮತ್ತೆ ಮುನಿಸಿಕೊಂಡಿತು.

ಭಟ್ಕಳದಲ್ಲಿ ಎಂದೂ ಕೆಡದ ಕಾರು ಕುಮಟಾದಲ್ಲಿ ಮಾತ್ರ ಕೆಡುತ್ತದೆ ಎಂದಾಗ ಜನರ ಬಾಯಿ ಸುಮ್ಮನಿರುವುದಿಲ್ಲ. ಗಣಪುವಿನ ಕಾಗಾಲ ಕುಮಟಾದ ಮಗ್ಗುಲಲ್ಲೇ ಇದೆ. ಅವನಿಗೆ ಅಲ್ಲಿ ಗದ್ದೆಯಿದೆ, ಹಿತ್ತಲಲ್ಲಿ ಹೀರೆ, ಹರಿವೆ ಬೆಳೆಯುತ್ತಾರೆ, ಹೆಂಡತಿ ಕುಮಟಾ ಪೇಟೆಗೆ ತಂದು ಮಾರುತ್ತಾಳೆ. ಲ್ಯಾಬಿನ ಕಂಪೌಂಡರ್ ಒಬ್ಬ ಗಣಪುವಿಗೆ ಕೇಳುವ ಹಾಗೆಯೇ ನಗೆಯಾಡುತ್ತಿದ್ದನಂತೆ, ಕಾಗಾಲದ ತರಕಾರಿ ಬುಟ್ಟಿ ಇಳಿಸಿ ಬಂದ ಮೇಲೆ ಕಾರಿಗೆ ಆರೋಗ್ಯ ಸುಧಾರಿಸುತ್ತದೆ ಎಂದು. ಕೆಟ್ಟಿತೆಂದು ಸುಳ್ಳು ಹೇಳಿ ಕಾರನ್ನು ಮನೆಕೆಲಸಕ್ಕೆ ಓಡಿಸುತ್ತಾನೆ ಎಂಬ ಆ ಮಾತು ಡಾಕ್ಟರ ಕಿವಿಗೂ ಬಿತ್ತು. ಕಾರು ಕೈಕೊಡುವಾಗ ಡಾಕ್ಟರು ಒಮ್ಮೆಯೂ ಅದರಲ್ಲಿ ಇರುತ್ತಿರಲಿಲ್ಲ. ಲ್ಯಾಬಿನವರು ಮಹಡಿಯ ಮೇಲೆ. ಗಣಪುವಿನ ಹತ್ತಿರ ಇದ್ದದ್ದು ಬಟನ್ ಫೋನು, ವಿಡಿಯೋ ತೆಗೆದು ತೋರಿಸುವ ಹಾಗೂ ಇರಲಿಲ್ಲ. ಟಕ್ ಎಂಬ ಸದ್ದಿಗೆ ಅವನೊಬ್ಬನೇ ಸಾಕ್ಷಿ.

ಅಷ್ಟರಲ್ಲಿ ಒಂದು ಮಂಗಳವಾರ ನರ್ಸಿಂಗ್ ಹೋಮಿನಲ್ಲಿ ಒಬ್ಬಾಕೆಗೆ ಹೆರಿಗೆ ಕಷ್ಟವಾಗಿ ಡಾಕ್ಟರಿಗೆ ಕರೆ ಹೋಯಿತು. ಕಾರು ಓಣಿಯಲ್ಲಿ ನಿಂತುಬಿಟ್ಟಿತ್ತು. ಡಾಕ್ಟರು ಆಟೋ ಹುಡುಕಿ, ಅದು ಹೆದ್ದಾರಿಯ ಸಂದಣಿಯಲ್ಲಿ ಸಿಕ್ಕಿಕೊಂಡು, ತಲುಪುವಷ್ಟರಲ್ಲಿ ಅರ್ಧ ತಾಸು ತಡವಾಗಿತ್ತು. ಅಲ್ಲಿದ್ದ ಇನ್ನೊಬ್ಬ ಡಾಕ್ಟರು ಹೇಗೋ ಸಂಭಾಳಿಸಿದ್ದರು, ತಾಯಿ ಮಗು ಇಬ್ಬರೂ ಉಳಿದರು. ಆದರೆ ವನಜಾ ಡಾಕ್ಟರು ಅವತ್ತು ಸಂಜೆ ಕ್ಲಿನಿಕ್ಕು ಮುಗಿಸಿ ಸೀದಾ ನನ್ನ ಶೆಡ್ಡಿಗೆ ಬಂದರು. ಕಾರಿನಿಂದ ಇಳಿದವರು ಕೂರಲಿಲ್ಲ. ಗಣಪು ಬಾನೆಟ್ಟಿನ ಹತ್ತಿರ ನಿಂತಿದ್ದ.

“ಆಚಾರ್ರೇ, ನಂಗೆ ಒಂದೇ ಮಾತು ಹೇಳಿ. ಗಾಡಿಯಲ್ಲಿ ದೋಷ ಇದ್ಯಾ, ಇಲ್ವಾ?”

ಅವತ್ತಿನದೂ ಸೇರಿ ಐದು ಸಲ ಹೋಗಿದ್ದೆ, ಐದು ಸಲವೂ ನನ್ನ ಕೈಗೆ ಸ್ಟಾರ್ಟ್ ಆಗಿತ್ತು. ಬ್ಯಾಟರಿ ಹೊಸದು, ಮೋಟಾರು ಹೊಸದರಂತೆಯೇ. ನನಗೆ ಸಿಕ್ಕಿಲ್ಲ ಎಂದು ಹೇಳಬಹುದಿತ್ತು. ಮೂವತ್ತೊಂದು ವರ್ಷದಲ್ಲಿ ಗಿರಾಕಿಯ ಎದುರು ಆ ಮಾತು ಹೇಳಿ ರೂಢಿಯಿರಲಿಲ್ಲ, ನಾಲಿಗೆ ಆ ಕಡೆ ಹೊರಳಲಿಲ್ಲ.

“ಗಾಡಿ ಸರಿ ಇದೆ ಡಾಕ್ಟ್ರೇ” ಎಂದೆ.

ಅವರು ಗಣಪುವಿನ ಕಡೆ ತಿರುಗಿ, ಬರುವ ಸೋಮವಾರದಿಂದ ಬೇರೆ ಡ್ರೈವರ್ ಬರುತ್ತಾನೆ, ಶುಕ್ರವಾರದ ಕುಮಟಾ ಕೊನೆಯದು ಎಂದರು. ದನಿ ಏರಿಸಲಿಲ್ಲ. ಹನ್ನೊಂದು ವರ್ಷದ ಮನುಷ್ಯನನ್ನು ಬಿಡುವುದು ಅವರಿಗೂ ಸುಲಭವಿರಲಿಲ್ಲ ಎಂಬುದು ಕೈಯಲ್ಲಿದ್ದ ಪರ್ಸಿನ ಝಿಪ್ಪನ್ನು ಸುಮ್ಮನೆ ಎಳೆದು ಬಿಡುತ್ತಿದ್ದ ರೀತಿಯಲ್ಲೇ ಕಾಣುತ್ತಿತ್ತು. ಗಣಪು ಬಾನೆಟ್ಟಿನಿಂದ ಎರಡು ಹೆಜ್ಜೆ ಮುಂದೆ ಬಂದ.

“ಕೆಲ್ಸ ಹೋದ್ರೆ ಹೋಗ್ಲಿ ಡಾಕ್ಟ್ರಮ್ಮಾ. ಸುಳ್ಳುಗಾರ ಅನ್ಸ್ಕಂಡು ನಾ ಹೋಗುದಿಲ್ಲ.”

ಇಷ್ಟು ಹೇಳಿ ಹಿಂದಿನ ಬಾಗಿಲು ತೆರೆದು ನಿಂತ, ದಿನಾ ನಿಲ್ಲುವ ಹಾಗೆಯೇ. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ನನಗೆ ಆರಾಮಾಗುತ್ತಿತ್ತು.

ಬುಧವಾರ ನಾನು ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಒಂದು ರಿಕ್ಷಾದ ಹಾರ್ನ್ ಕಟ್ಟಲು ಹೋಗಿ ವಯರು ಅದಲು ಬದಲು ಮಾಡಿದೆ. ಮಧ್ಯಾಹ್ನ ಮನೆಗೆ ಹೋಗಿ ತಾಟಿನ ಎದುರು ಕೂತವನು ಎರಡು ತುತ್ತಿಗೆ ಎದ್ದು ಅಂಗಳದಲ್ಲಿ ತಿರುಗಿದೆ. ನಾನು ಹೇಳಿದ್ದು ಸುಳ್ಳೇನೂ ಅಲ್ಲವಲ್ಲ ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಹೆಂಡತಿ ಎಂತ ಆತು ಎಂದು ಕೇಳಿದಳು. ಎಲ್ಲ ಹೇಳಿದೆ. ಅವಳು ಸಾರಿನ ಪಾತ್ರೆ ಮುಚ್ಚುತ್ತ, “ಗಣಪು ಎಂತ ಹೇಳ್ತಾನೆ?” ಎಂದಳು. ನಾನು ಅವನನ್ನು ಕೇಳಿರಲಿಲ್ಲ. ಐದು ಸಲ ಕುಮಟಾಕ್ಕೆ ಓಡಿದ್ದೆ, ಒಂದು ಸಲವೂ ಅವನ ಹತ್ತಿರ ಕೂತು ಕೇಳಿರಲಿಲ್ಲ. ಕೈ ತೊಳೆದವನು ಸೀದಾ ಡಾಕ್ಟರ ಮನೆಗೆ ಹೋದೆ.

ಗಣಪು ಕಾರು ಒರೆಸುತ್ತಿದ್ದ. ಇನ್ನು ಎರಡು ದಿನ ಓಡಿಸಬೇಕಾದ ಕಾರನ್ನು ಮನುಷ್ಯ ಅಷ್ಟು ಚೊಕ್ಕ ಒರೆಸುವುದನ್ನು ನೋಡಿ ನನಗೆ ಏನೋ ಆಯಿತು. ಕುಮಟಾದ ಒಂದು ದಿನವನ್ನು ಮೊದಲಿನಿಂದ ಕೊನೆಯವರೆಗೆ ಹೇಳು ಎಂದೆ. ಅವನಿಗೆ ಹೇಳುವ ಮನಸ್ಸಿರಲಿಲ್ಲ. ಆದರೂ ಹೇಳಿದ, ಹೇಳುತ್ತ ಹೋದ ಹಾಗೆ ನಾನು ಬೆಪ್ಪಾದೆ. ಅವನಿಗೆ ಎಲ್ಲವೂ ನೆನಪಿತ್ತು. ಡಾಕ್ಟರನ್ನು ಇಳಿಸುವಾಗ ಎಂಜಿನ್ ಆರಿಸುವುದಿಲ್ಲ. ಲ್ಯಾಬಿನ ಎದುರು ಆರಿಸುತ್ತಾನೆ, ಮೆಟ್ಟಿಲು ಹತ್ತಿ ಡಬ್ಬಿ ಕೊಟ್ಟು ಸಹಿ ಹಾಕಿಸಿ ಇಳಿಯಲು ಆರು ನಿಮಿಷ. ಚಾವಿ ತಿರುಗಿಸಿದರೆ ಟಕ್. ಭಟ್ಕಳದಲ್ಲಿ ಹೀಗೆ ನಡುವೆ ನಿಲ್ಲಿಸುವುದೇ ಇಲ್ಲ, ಆಸ್ಪತ್ರೆಯ ಮರದಡಿಗೆ ನಿಲ್ಲಿಸಿದರೆ ಮತ್ತೆ ಮುಟ್ಟುವುದು ಮೂರು ತಾಸಿನ ಮೇಲೆ. ಅಲ್ಲಿ ಲ್ಯಾಬಿನವರೇ ಬಂದು ಡಬ್ಬಿ ಒಯ್ಯುತ್ತಾರೆ.

“ನೀವು ಬರುದ್ರೊಳಗೆ ಗಾಡಿ ತಣ್ಣಗಾಗ್ತದೆ ಆಚಾರ್ರೇ. ಮೊದ್ಲ ದಿನನೇ ಹೇಳಿದ್ದೆ ನಿಮ್ಗೆ, ಬಿಸಿ ಇದ್ದಾಗ ಹಟ ಹಿಡಿತದೆ ಅಂತ.”

ಹೇಳಿದ್ದನಂತೆ. ಹೇಳಿದ್ದನೋ ಏನೋ, ನನ್ನ ತಲೆ ಆಗ ಬಾನೆಟ್ಟಿನ ಒಳಗಿತ್ತು. ಕಾರು ನನ್ನ ಎದುರು ಮಾತ್ರ ಸ್ಟಾರ್ಟ್ ಆಗುತ್ತಿದ್ದದ್ದು ನನ್ನ ಕೈಗುಣದಿಂದ ಅಲ್ಲ. ಹೊನ್ನಾವರದಿಂದ ಹೊರಟು ತಲುಪಲು ನಾನು ತೆಗೆದುಕೊಳ್ಳುತ್ತಿದ್ದ ಮುಕ್ಕಾಲು ತಾಸೇ ಅದನ್ನು ರಿಪೇರಿ ಮಾಡಿಬಿಡುತ್ತಿತ್ತು.

ಶುಕ್ರವಾರ ನಾನೂ ಬರುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಗಾಡಿ ಸರಿ ಇದೆ ಎಂದಿರಿ, ಈಗ ಮತ್ತೆ ಏನು ಎಂದು ಕೇಳಿದರು. ಒಂದು ಸಂಶಯ ಉಳಿದಿದೆ ಎಂದೆ. ಒಲ್ಲದ ಮನಸ್ಸಿನಿಂದ ಒಪ್ಪಿದರು. ಬೆಳಿಗ್ಗೆ ಮಲ್ಟಿಮೀಟರ್, ಎರಡು ಸ್ಪ್ಯಾನರ್, ಎರಡೂ ತುದಿಗೆ ಕ್ಲಿಪ್ಪಿರುವ ಒಂದು ಜಂಪರ್ ಕೇಬಲ್ ಚೀಲಕ್ಕೆ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತೆ. ಮಲ್ಟಿಮೀಟರ್ ಎಂದರೆ ಕರೆಂಟಿನ ಒತ್ತಡ ಅಳೆಯುವ ಅಂಗೈಯಷ್ಟು ದೊಡ್ಡ ಯಂತ್ರ. ಕುಮಟಾದವರೆಗೆ ನಾನು ಮೊಣಕಾಲು ಕುಣಿಸುತ್ತಲೇ ಇದ್ದೆ, ಗಣಪು ಒಂದು ಸಲ ಅದನ್ನು ನೋಡಿ ಮುಂದಕ್ಕೆ ನೋಡಿದ. ಮೋಡ ಕವಿದ ತಂಪು ದಿನ. ಡಾಕ್ಟರನ್ನು ಇಳಿಸಿ, ಲ್ಯಾಬಿನ ಎದುರು ಆರಿಸಿ, ಆರು ನಿಮಿಷ ಕಾದು, ಗಣಪು ಚಾವಿ ತಿರುಗಿಸಿದ.

ಕಾರು ಸ್ಟಾರ್ಟ್ ಆಯಿತು.

ಅವನ ಮುಖದ ಬಣ್ಣ ಇಳಿದದ್ದನ್ನು ನೋಡಲಾರದೆ ನಾನು ಗಾಜಿನ ಹೊರಗೆ ನೋಡಿದೆ. ಕಂಪೌಂಡರ್ ಮಹಡಿಯ ಕಿಟಕಿಯಿಂದ ಇಣುಕುತ್ತಿದ್ದ. ಪುಣ್ಯಕ್ಕೆ ಅವತ್ತು ನರ್ಸಿಂಗ್ ಹೋಮಿನಲ್ಲಿ ಹೆರಿಗೆ ಇರಲಿಲ್ಲ, ಡಾಕ್ಟರು ಹನ್ನೆರಡರವರೆಗೆ ಕ್ಲಿನಿಕ್ಕಿನಲ್ಲೇ ಇರುವವರಿದ್ದರು. ಅವರಿಗೆ ಫೋನು ಮಾಡಿ, ತಂಪಿಗೆ ಎಂಜಿನ್ ಸಾಕಷ್ಟು ಬಿಸಿಯಾಗಿಲ್ಲ, ಕಾರನ್ನು ಇನ್ನಷ್ಟು ಓಡಿಸಿ ನೋಡುತ್ತೇನೆ, ಹನ್ನೆರಡರೊಳಗೆ ತರುತ್ತೇನೆ ಎಂದು ಕೇಳಿಕೊಂಡೆ. ಆಗಲಿ ಎಂದರು.

ಎಲ್ಲಿಗೆ ಎಂದು ಗಣಪು ಕೇಳಿದ. ಅಘನಾಶಿನಿ ಕಡೆಗೆ ಎಂದೆ. ಆ ರಸ್ತೆಯಲ್ಲಿ ಏರಿಳಿತ ಇದೆ, ತಿರುವು ಇದೆ, ಎಂಜಿನ್ ಚೆನ್ನಾಗಿ ಕಾಯುತ್ತದೆ. ಆದರೆ ಅದು ಕಾಗಾಲದ ದಾರಿಯೂ ಹೌದು ಎಂದು ನನಗೆ ಹೊಳೆದದ್ದು ಹೊರಟ ಮೇಲೆ. ಗಣಪು ಎರಡನೇ ಗೇರಿನಲ್ಲೇ ಎಳೆಯುತ್ತ ಎಂಜಿನ್ನನ್ನು ದಂಡಿಸಿದ. ನಾನು ಹೇಳಿಕೊಟ್ಟದ್ದಲ್ಲ, ಅವನಿಗೇ ತಿಳಿದಿತ್ತು. ಕಾಗಾಲದಲ್ಲಿ ಅವನ ಮನೆಯ ಕಡೆ ಒಡೆಯುವ ದಾರಿ ಬಂದಾಗ ಕುತ್ತಿಗೆಯನ್ನು ಒಂದಿಷ್ಟೂ ಹೊರಳಿಸಲಿಲ್ಲ. ದಾರಿಯ ತುದಿಯಲ್ಲಿ ತಲೆಯ ಮೇಲೆ ಬುಟ್ಟಿಯಿಟ್ಟ ಇಬ್ಬರು ಹೆಂಗಸರು ನಿಂತಿದ್ದರು. ಅವರಲ್ಲಿ ಒಬ್ಬಳು ಕೈ ಎತ್ತಿದಳು, ಇವನು ಕಾರನ್ನು ನಿಧಾನ ಕೂಡ ಮಾಡಲಿಲ್ಲ.

ಅಘನಾಶಿನಿಯ ಜೆಟ್ಟಿಯ ಹತ್ತಿರ ಕಾರು ಆರಿಸಿದೆವು. ಉಬ್ಬರ ಇಳಿದ ಹೊತ್ತು. ಹೊಳೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿದ ಹೆಂಗಸರು ಚೀಲ ಹೊತ್ತು ದಡಕ್ಕೆ ಬರುತ್ತಿದ್ದರು, ಒಬ್ಬಾಕೆ ಅಲ್ಲೇ ಕೂತು ಸಣ್ಣ ಕತ್ತಿಯಿಂದ ಚಿಪ್ಪು ಬಿಡಿಸುತ್ತಿದ್ದಳು. ನಾನು ಗಡಿಯಾರ ನೋಡುತ್ತ ಕಾರಿನ ಸುತ್ತ ತಿರುಗಿದೆ. ಆರು ನಿಮಿಷ ಆಯಿತು. ಗಣಪು ಚಾವಿ ತಿರುಗಿಸಿದ.

ಟಕ್.

ಮೂವತ್ತೊಂದು ವರ್ಷದಲ್ಲಿ ಕೆಟ್ಟ ಗಾಡಿಯ ಸದ್ದು ಕೇಳಿ ನಾನು ಅಷ್ಟು ಖುಷಿಪಟ್ಟದ್ದು ಬೇರೆ ಇಲ್ಲ. ಚಾವಿಯನ್ನು ಹಾಗೇ ಹಿಡಿದುಕೋ ಎಂದು ಗಣಪುವಿಗೆ ಹೇಳಿ ಬಾನೆಟ್ ಎತ್ತಿದೆ.

ಇಲ್ಲಿ ಒಂದಿಷ್ಟು ವಿವರ ಬೇಕು. ಬ್ಯಾಟರಿಯಿಂದ ಸ್ಟಾರ್ಟರ್ ಮೋಟಾರಿಗೆ ಕರೆಂಟು ದಪ್ಪ ಕೇಬಲಿನಲ್ಲಿ ಹೋಗುತ್ತದೆ. ಹೋದ ಕರೆಂಟು ಬ್ಯಾಟರಿಗೆ ಮರಳಬೇಕು, ಇಲ್ಲದಿದ್ದರೆ ಮೋಟಾರು ತಿರುಗುವುದಿಲ್ಲ. ಮರಳುವಾಗ ಅದು ಎಂಜಿನ್ನಿನ ಕಬ್ಬಿಣದ ಮೂಲಕ ಗಾಡಿಯ ತಗಡಿನ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಬರುತ್ತದೆ. ಎಂಜಿನ್ ರಬ್ಬರಿನ ಮೇಲೆ ಕೂತಿರುವುದರಿಂದ ಎಂಜಿನ್ನಿಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಒಂದು ಪಟ್ಟಿ ಬಿಗಿದಿರುತ್ತಾರೆ. ನಾವು ಅದನ್ನು ಅರ್ಥಿಂಗ್ ಪಟ್ಟಿ ಎನ್ನುತ್ತೇವೆ. ನಾನು ಈವರೆಗೆ ನೋಡಿದ್ದೆಲ್ಲ ಕರೆಂಟು ಹೋಗುವ ದಾರಿಯನ್ನು. ಬರುವ ದಾರಿಯನ್ನು ನೋಡಿರಲಿಲ್ಲ.

ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದನ್ನು ಬಾಡಿಗೆ ಇಟ್ಟೆ. ಸೊನ್ನೆಯ ಹತ್ತಿರ ತೋರಿಸಿತು, ಅಲ್ಲಿಗೆ ದಾರಿ ಸರಿ ಇದೆ. ಎರಡನೇ ಮೊನೆಯನ್ನು ಎಂಜಿನ್ನಿಗೆ ಇಟ್ಟೆ. ಅರ್ಧ ವೋಲ್ಟ್ ದಾಟಬಾರದ ಜಾಗದಲ್ಲಿ ನಾಲ್ಕು ವೋಲ್ಟ್. ಜಂಪರ್ ಕೇಬಲ್ಲಿನಿಂದ ಎಂಜಿನ್ನನ್ನೂ ಬ್ಯಾಟರಿಯ ನೆಗೆಟಿವ್ ತುದಿಯನ್ನೂ ಜೋಡಿಸಿ ಗಣಪುವಿಗೆ ಸನ್ನೆ ಮಾಡಿದೆ. ಕಾರು ತಟ್ಟನೆ ಹತ್ತಿಕೊಂಡಿತು. ಕೇಬಲ್ ತೆಗೆದು ಮತ್ತೆ ನೋಡಿದೆ. ಟಕ್. ಕೆಟ್ಟದ್ದು ಪಟ್ಟಿಯೇ ಎಂಬುದು ಖಾತ್ರಿಯಾಯಿತು.

ಬಳಚಿನ ಹೆಂಗಸರಿಂದ ಒಂದು ಗೋಣಿ ಇಸಿದುಕೊಂಡು ಹಾಸಿ ಕಾರಿನ ಅಡಿಗೆ ನುಗ್ಗಿದೆ. ಪಟ್ಟಿ ಎಲ್ಲೂ ಹರಿದಿರಲಿಲ್ಲ, ಬೋಲ್ಟು ಬಿಗಿಯಾಗಿಯೇ ಇತ್ತು. ಬೋಲ್ಟಿನ ತಲೆಯ ಮೇಲೆ ಚಂದವಾಗಿ, ಒಂದು ಗೆರೆಯೂ ತಪ್ಪದಂತೆ, ಕಪ್ಪು ಕೋಟಿಂಗ್ ಇತ್ತು. ಸ್ಪ್ಯಾನರ್ ಹಾಕಿ ಬಿಚ್ಚಿದೆ. ಪಟ್ಟಿಯ ತುದಿಯ ಕೆಳಗೆ, ಬಾಡಿಯ ತಗಡಿಗೆ ಅದು ಬರಿಮೈಯಲ್ಲಿ ತಾಗಬೇಕಾದ ಜಾಗದಲ್ಲೂ, ಅದೇ ಕಪ್ಪು. ದಪ್ಪ, ನುಣುಪು, ಮೂಲೆಯಿಂದ ಮೂಲೆಗೆ. ಪಂಪಿನಿಂದ ಸಿಂಪಡಿಸುವವರ ಬಣ್ಣ ಅಲ್ಲಿಗೆ ಹೋಗುವುದೇ ಇಲ್ಲ. ಬೋಲ್ಟು ಬಿಚ್ಚಿ ಬಳಿಯುವವನು ಈ ಸೀಮೆಯಲ್ಲಿ ಒಬ್ಬನೇ.

ಮಲಗಿದಲ್ಲೇ ನನಗೆ ಎಲ್ಲವೂ ಅರ್ಥವಾಯಿತು. ಮೇ ತಿಂಗಳಲ್ಲಿ ಆ ಬೋಲ್ಟಿನ ಸುತ್ತ ಸ್ವಲ್ಪ ತುಕ್ಕು ಕಂಡಿತ್ತು. ಉಪ್ಪು ಒಂದು ಚೂರೂ ತಾಗಬಾರದೆಂದು ಪಟ್ಟಿ ಬಿಚ್ಚಿ, ಕೆರೆದು, ಅದರಡಿಗೂ ಬಳಿದು ಬಿಗಿದಿದ್ದೆ. ಇಲೆಕ್ಟ್ರಿಷಿಯನ್ ಆದವನು ಮಾಡಬಾರದ ಕೆಲಸ. ಬಣ್ಣ ಕರೆಂಟನ್ನು ಬಿಡುವುದಿಲ್ಲ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಬ್ರಷ್ ಹಿಡಿದಾಗ ನಾನು ಇಲೆಕ್ಟ್ರಿಷಿಯನ್ ಆಗಿರಲಿಲ್ಲ, ಉಪ್ಪಿಗೆ ಹೆದರಿದ ಹೊನ್ನಾವರದವನಾಗಿದ್ದೆ. ಮೂರ್ನಾಲ್ಕು ತಿಂಗಳು ಕರೆಂಟು ಬೋಲ್ಟಿನ ತಿರುಪಿನ ಎಳೆಗಳ ಮೂಲಕವೇ ಹೇಗೋ ನುಸುಳಿತ್ತು. ಮಳೆ ನೀರಿಗೆ ಆ ಎಳೆಗಳೂ ತುಕ್ಕು ಹಿಡಿದವು. ತಣ್ಣಗಿದ್ದಾಗ ಹೇಗೋ ಸಾಲುತ್ತಿದ್ದ ಆ ಹಿಡಿತ ಬಿಸಿಯಾದಾಗ ಸಾಲುತ್ತಿರಲಿಲ್ಲ. ದೀಪಕ್ಕೆ, ಹಾರ್ನಿಗೆ ಆ ಪಟ್ಟಿಯ ಹಂಗಿಲ್ಲ, ಅದಕ್ಕೇ ಅವು ಎಂದೂ ಮಂಕಾಗಲಿಲ್ಲ.

“ಎಂತ ಸಿಕ್ತು ಆಚಾರ್ರೇ?” ಹೊರಗಿನಿಂದ ಗಣಪುವಿನ ದನಿ. ಅವನ ಚಪ್ಪಲಿ ಮಾತ್ರ ನನಗೆ ಕಾಣುತ್ತಿತ್ತು.

ನಾನು ಹೇಳಬೇಕಿತ್ತು. ಹೇಳಲಿಲ್ಲ. “ಅರ್ಥಿಂಗ್ ಪಟ್ಟಿ ಲೂಸಾಗಿತ್ತು ಮಾರಾಯ” ಎಂದೆ. ಅವನು ಉಸಿರು ಬಿಟ್ಟದ್ದು ಕೇಳಿಸಿತು. ಕೆರೆಯಲು ಏನಾದರೂ ಬೇಕೆಂದಾಗ ಆ ಹೆಂಗಸಿನ ಹತ್ತಿರ ಬಳಚು ಬಿಡಿಸುವ ಕತ್ತಿಯನ್ನೇ ಕೇಳಿ ತಂದುಕೊಟ್ಟ. ಕತ್ತಿಯ ಬಾಯಿ ಹಾಳು ಮಾಡಬೇಡಿ ಎಂದು ಅವಳು ಎರಡು ಸಲ ಹೇಳಿದಳು. ತಗಡಿನ ಬಿಳುಪು ಕಾಣುವವರೆಗೆ ಬಣ್ಣ ಕೆರೆದೆ, ಬೋಲ್ಟಿನ ಎಳೆ ಉಜ್ಜಿದೆ, ಪಟ್ಟಿ ಬಿಗಿದು ಮೇಲಿಂದ ಮಾತ್ರ ಗ್ರೀಸ್ ಸವರಿದೆ. ಮೀಟರ್ ಕಾಲು ವೋಲ್ಟ್ ತೋರಿಸಿತು. ಬಿಸಿ ಕಾರನ್ನು ಆರಿಸಿ ಆರಿಸಿ ಎಂಟು ಸಲ ಸ್ಟಾರ್ಟ್ ಮಾಡಿದೆವು, ಎಂಟು ಸಲವೂ ಹತ್ತಿತು. ವಾಪಸು ಬರುವಾಗ ಗಣಪು ಕಾಗಾಲದ ತಿರುವಿನಲ್ಲಿ ತನ್ನ ಮನೆ ಯಾವ ಕಡೆ ಎಂದು ಕೈ ಮಾಡಿ ತೋರಿಸಿ, ಗದ್ದೆಯ, ಹಿತ್ತಲಿನ ಮಾತು ತೆಗೆದ. ತಾನಾಗಿ ಅವನು ಅಷ್ಟು ಮಾತಾಡಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವನು ಮಾತಾಡಿದಷ್ಟೂ ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ.

ಕ್ಲಿನಿಕ್ಕಿನ ಬಾಗಿಲಿಗೆ ಡಾಕ್ಟರು ಬಂದರು. ಕಾರಣ ಸಿಕ್ಕಿತು ಡಾಕ್ಟ್ರಮ್ಮಾ, ಪಟ್ಟಿ ಲೂಸಿತ್ತಂತೆ ಎಂದು ಗಣಪುವೇ ಹೇಳಿದ. ಡಾಕ್ಟರು ಅವನನ್ನೇ ಕೇಳಿದರು, ಗಾಡಿ ನೋಡಿಕೊಳ್ಳುವವನು ನೀನು, ಇಷ್ಟು ದಿನ ಲೂಸಾಗಿದ್ದದ್ದು ನಿನಗೆ ಕಾಣಲಿಲ್ಲವಾ ಎಂದು.

ಮಂಗಳವಾರ ನನ್ನ ಅರ್ಧ ಮಾತು ಅವನನ್ನು ಸುಳ್ಳುಗಾರನನ್ನಾಗಿ ಮಾಡಿತ್ತು. ಶುಕ್ರವಾರ ಇನ್ನೊಂದು ಅರ್ಧ ಮಾತು ಬೇಜವಾಬ್ದಾರನನ್ನಾಗಿ ಮಾಡಲು ಹೊರಟಿತ್ತು. ಎರಡು ಸಲವೂ ನಾನು ಪ್ರತ್ಯಕ್ಷ ನಿಂತಿದ್ದೆ. ನನಗೆ ನಾಚಿಕೆಯಾಯಿತು. ಆ ನಾಚಿಕೆಯನ್ನು ಈಗ ಬರೆಯುವಾಗಲೂ ಕಿವಿಯ ಬುಡದಲ್ಲಿ ಬಿಸಿಯಾಗಿ ಅನುಭವಿಸುತ್ತಿದ್ದೇನೆ.

“ಲೂಸಾಗಿರ್ಲಿಲ್ಲ ಡಾಕ್ಟ್ರೇ. ಅದರ ಅಡಿಗೆ ಬಣ್ಣ ಬಳಿದವ ನಾನು. ಗಣಪು ಮೊದಲ ದಿನದಿಂದ ಹೇಳಿದ್ದೆಲ್ಲ ಖರೆ.”

ಡಾಕ್ಟರು ನನ್ನನ್ನು ಬಯ್ಯಲಿಲ್ಲ. ಮಂಗಳವಾರ ಯಾಕೆ ಹಾಗೆ ಹೇಳಿದಿರಿ ಎಂದು ಮಾತ್ರ ಕೇಳಿದರು. ಗಾಡಿ ಸರಿ ಇದೆ ಎಂಬುದೂ ನನಗೆ ದೋಷ ಸಿಗಲಿಲ್ಲ ಎಂಬುದೂ ಬೇರೆ ಬೇರೆ, ನಾನು ಎರಡನ್ನೂ ಒಂದು ಮಾಡಿಬಿಟ್ಟೆ ಎಂದೆ. ಅವರು ತಮ್ಮ ಕೆಲಸದಲ್ಲೂ ಈ ಎರಡು ಮಾತು ಬೇರೆಯೇ ಎಂದು, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ತಿಳಿಯದ ಹಾಗೆ, ಮೆಲ್ಲಗೆ ಅಂದರು. ಮತ್ತೆ ಗಣಪುವಿಗೆ, ಸೋಮವಾರ ಭಟ್ಕಳಕ್ಕೆ ಏಳೂವರೆಗೆ ಹೊರಡಬೇಕು ಎಂದರು. ಅವನು ನನ್ನ ಕಡೆ ಒಮ್ಮೆ ನೋಡಿದ.

“ಬರ್ತೆ ಡಾಕ್ಟ್ರಮ್ಮಾ. ಆಚಾರ್ರು ಈ ಮಾತು ಲ್ಯಾಬಿನಲ್ಲೂ ಒಂದ್ಸಲ ಹೇಳ್ಲಿ.”

ಹೇಳಿದೆ. ಹೊನ್ನಾವರಕ್ಕೆ ಮರಳುವ ದಾರಿಯಲ್ಲೇ ಕಾರು ನಿಲ್ಲಿಸಿ ಮಹಡಿ ಹತ್ತಿದೆ. ಹೆಸರು ಬರೆದ ಸಣ್ಣ ಸಣ್ಣ ಬಾಟಲಿ ಹಿಡಿದು ಏಳೆಂಟು ಜನ ಸರತಿಯಲ್ಲಿ ನಿಂತಿದ್ದರು. ಅವರೆಲ್ಲರ ನಡುವೆ ಕೌಂಟರಿಗೆ ಕೈ ಊರಿ, ಗಣಪು ಗೌಡನ ಕಾರು ಕೆಟ್ಟದ್ದು ನನ್ನ ತಪ್ಪಿನಿಂದ, ಅವನು ಸುಳ್ಳು ಹೇಳಿಲ್ಲ ಎಂದೆ. ಕಂಪೌಂಡರ್ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ. ಕಾರಿನ ತಲೆಬುಡ ಗೊತ್ತಿಲ್ಲದ ಒಬ್ಬ ಅಜ್ಜ ಸರತಿಯಿಂದಲೇ, ಆತಲ್ಲ, ಹೇಳಿದ್ರಲ್ಲ, ಬಿಡಿ ಎಂದ. ಗಣಪು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ. ನಾನು ಇಳಿದು ಬಂದಾಗ ಮುಂದಿನ ಬಾಗಿಲು ತೆರೆದು ನಿಂತಿದ್ದ. ಆ ಮರ್ಯಾದೆ ನನಗೆ ಸಲ್ಲತಕ್ಕದ್ದಲ್ಲ ಎಂದು ಗೊತ್ತಿದ್ದೂ ಕೂತೆ.

ಮುಂದಿನ ವಾರವೆಲ್ಲ ಆ ಮೇ ತಿಂಗಳಲ್ಲಿ ನಾನು ಬ್ರಷ್ ಆಡಿಸಿದ ಗಾಡಿಗಳ ಯಜಮಾನರಿಗೆ ಫೋನು ಮಾಡಿದೆ. ಒಂದೊಂದನ್ನೂ ಕರೆಸಿ ಅಡಿಗೆ ಮಲಗಿ ನೋಡಿದೆ. ಇನ್ನೆರಡರಲ್ಲಿ ಅದೇ ಕಪ್ಪು ಅದೇ ಜಾಗದಲ್ಲಿತ್ತು. ಅವು ಇನ್ನೂ ಯಾರನ್ನೂ ಓಣಿಯಲ್ಲಿ ನಿಲ್ಲಿಸಿರಲಿಲ್ಲ, ನಿಲ್ಲಿಸುವ ದಿನ ದೂರವಿರಲಿಲ್ಲ.

ನನ್ನ ಜಾಬ್ ಕಾರ್ಡಿನಲ್ಲಿ ಈಗ ಮೊದಲ ಸಾಲು ಬದಲಾಗಿದೆ. ಮೊದಲು ಅಲ್ಲಿ ‘ದೋಷ’ ಎಂದಿರುತ್ತಿತ್ತು, ನಾನು ಕಂಡದ್ದನ್ನು ನಾನೇ ಬರೆಯುತ್ತಿದ್ದೆ. ಈಗ ‘ಗಾಡಿ ಓಡಿಸುವವರು ಹೇಳಿದ್ದು’ ಎಂದಿದೆ. ಆ ಸಾಲು ತುಂಬುವವರೆಗೆ ಬಾನೆಟ್ ಎತ್ತುವುದಿಲ್ಲ. ಕೆಳಗೆ ಇನ್ನೊಂದು ಸಾಲಿದೆ, ‘ನನಗೆ ಸಿಗಲಿಲ್ಲ’ ಎಂದು. ಹೋದ ವರ್ಷ ಅದಕ್ಕೆ ನಾಲ್ಕು ಸಲ ಗುರುತು ಹಾಕಿದ್ದೇನೆ. ಗಿರಾಕಿ ಕಡಿಮೆಯಾಗಬಹುದೆಂದು ಹೆದರಿದ್ದೆ, ಹಾಗೇನೂ ಆಗಲಿಲ್ಲ.

ಈ ಮೇ ತಿಂಗಳಲ್ಲೂ ಗಣಪು ಡಾಕ್ಟರ ಕಾರನ್ನು ಕೋಟಿಂಗಿಗೆ ತಂದ. ಹೊರಗಿನ ಕಲ್ಲಿನ ಮೇಲೆ ಕೂರಲಿಲ್ಲ. ಕವಳ ಉಗಿದು, ಲುಂಗಿ ಎತ್ತಿ ಕಟ್ಟಿ, ನನ್ನ ಮಗ್ಗುಲಲ್ಲೇ ಕುಕ್ಕರಗಾಲಲ್ಲಿ ಕೂತ. ಬ್ರಷ್ ಆ ಬೋಲ್ಟಿನ ಹತ್ತಿರ ಬಂದಾಗ ಅವನ ತೋರುಬೆರಳು ಅಡ್ಡ ಬಂತು. ಅವನ ಉಗುರಿಗೆ ಒಂದಿಷ್ಟು ಕಪ್ಪು ತಾಗಿತು, ಬೆರಳು ಮಾತ್ರ ಆಚೀಚೆ ಆಗಲಿಲ್ಲ. ನಾನು ಸುತ್ತೆಲ್ಲ ಬಳಿದು ಮುಗಿಸುವವರೆಗೂ ಆ ಜಾಗವನ್ನು ಹಾಗೇ ಒತ್ತಿಕೊಂಡು ಕೂತಿದ್ದ.